ಸೋಲಿನ ಮರುದಿನ: ನಮ್ಮ ಚಾರಿತ್ರಿಕ ಕಾದಂಬರಿಗಳ ಧೀರೆಯರನ್ನು ಕುರಿತು

ಚಾರಿತ್ರಿಕ ಕಾದಂಬರಿಯೆಂದರೆ ನಮ್ಮ ವಿಮರ್ಶಕರಲ್ಲಿ ಹಲವರಿಗೆ ಅಷ್ಟಕ್ಕಷ್ಟೆ. ಅದು ಕಾಲಹರಣದ ಓದು, ಇಂದಿನ ಬದುಕಿನ ಬಿಸಿಯಿಂದ ತಪ್ಪಿಸಿಕೊಂಡು ಅರಮನೆಯ ನೆರಳಿನಲ್ಲಿ ಅಡಗುವ ಉಪಾಯ ಎಂಬ ಆಕ್ಷೇಪಣೆ ಹಳೆಯದು. ಆದರೆ ಯಾವುದೇ ಕನ್ನಡ ವಾಚನಾಲಯದ ಕಪಾಟನ್ನು ತೆರೆದು ನೋಡಿದವರಿಗೆ ಬೇರೊಂದು ಸಂಗತಿ ತಿಳಿಯುತ್ತದೆ. ಬೆನ್ನು ಹರಿದು, ಮತ್ತೆ ಹೊಲಿಸಿ, ಹೊಸ ರಟ್ಟು ಹಾಕಿಸಿದ ಪುಸ್ತಕ ಯಾವುದೆಂದು ನೋಡಿದರೆ ಅದು ಬಹುಮಟ್ಟಿಗೆ ಚಾರಿತ್ರಿಕ ಕಾದಂಬರಿಯೇ ಆಗಿರುತ್ತದೆ. ಅದರಲ್ಲಿಯೂ ಕಥೆಯ ನಡುವೆ ಒಬ್ಬ ಗಟ್ಟಿ ಹೆಣ್ಣುಮಗಳು ನಿಂತಿರುವ ಕಾದಂಬರಿ. ಇಷ್ಟು ಕೈ ಬದಲಿಸಿದ ಪುಸ್ತಕವನ್ನು ಕಾಲಹರಣವೆಂದು ತಳ್ಳಿಹಾಕುವ ಮೊದಲು, ಓದುಗರು ಅದರಲ್ಲಿ ಏನನ್ನು ಕಂಡರೆಂದು ಕೇಳುವುದು ವಿಮರ್ಶೆಯ ಕರ್ತವ್ಯವಲ್ಲವೆ?

ನಮ್ಮ ಪಿಂಪ್ರಿ-ಚಿಂಚವಾಡದ ಕನ್ನಡ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಅರ್ಥವಿದೆ. ಬೆಳಗಾವಿ, ವಿಜಾಪುರ, ಧಾರವಾಡ, ಕಲಬುರ್ಗಿಗಳ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲಿ ನೆಲೆನಿಂತ ಸಂಸಾರಗಳು ಎಷ್ಟೋ. ತವರಿನಿಂದ ದೂರ ಬಂದು, ಮೂರು ಪಾಳಿಯ ದುಡಿಮೆಗೆ ಮನೆಯವರ ಊಟ-ನಿದ್ದೆಗಳನ್ನು ಹೊಂದಿಸಿ, ಮಕ್ಕಳ ಮರಾಠಿ ಪಾಠಕ್ಕೆ ತಾನೂ ಮರಾಠಿ ಕಲಿತ ಗೃಹಿಣಿ ಬಿಡುವಿನಲ್ಲಿ ಕೈಗೆತ್ತಿಕೊಳ್ಳುವ ಪುಸ್ತಕ ಶಾಂತಲೆಯದೋ ಕೊಡಗಿನ ಗೌರಮ್ಮನದೋ ಆದರೆ ಅದನ್ನು ಪಲಾಯನವೆಂದು ಕರೆಯುವುದು ಸುಲಭ. ಆದರೆ ಪಲಾಯನ ಮಾಡುವವರು ಸುಖವಿರುವ ಕಡೆಗೆ ಓಡುತ್ತಾರೆ. ಈ ಕಾದಂಬರಿಗಳಲ್ಲಿ ಇರುವ ಸುಖವಾದರೂ ಎಷ್ಟು? ರಾಜ್ಯ ಹೋಗುತ್ತದೆ, ಗಂಡ ಸಾಯುತ್ತಾನೆ, ಮಗ ಸೆರೆಯಾಗುತ್ತಾನೆ, ಕೊನೆಗೆ ಅವಳೂ ಇಲ್ಲವಾಗುತ್ತಾಳೆ. ಪುಸ್ತಕ ತೆರೆಯುವ ಮೊದಲೇ ಇದೆಲ್ಲ ನಮಗೆ ಗೊತ್ತು. ಆದರೂ ಓದುತ್ತೇವೆ, ಓದಿದ್ದನ್ನೇ ಇನ್ನೊಮ್ಮೆ ಓದಿ ಸಂತೋಷಪಡುತ್ತೇವೆ.

ಪತ್ತೇದಾರಿ ಕಾದಂಬರಿಯಲ್ಲಿ ‘ಮುಂದೇನು?’ ಎಂಬುದೇ ರುಚಿ. ಚಾರಿತ್ರಿಕ ಕಾದಂಬರಿಯಲ್ಲಿ ಮುಂದೇನಾಯಿತೆಂಬುದನ್ನು ಶಾಲೆಯ ಪಾಠಪುಸ್ತಕವೇ ಹೇಳಿಬಿಟ್ಟಿರುತ್ತದೆ. ಅದು ಹೇಳದೆ ಬಿಡುವ ಸಂಗತಿ ಒಂದಿದೆ. ಕೋಟೆ ಬಿದ್ದ ಮರುದಿನ ಬೆಳಿಗ್ಗೆ ಅವಳು ಎದ್ದು ಏನು ಮಾಡಿದಳು? ಯಾರ ಊಟಕ್ಕೆ ಏರ್ಪಾಟು ಮಾಡಿದಳು, ಯಾರನ್ನು ಕರೆದು ಮಾತಾಡಿದಳು, ಯಾರನ್ನು ಕ್ಷಮಿಸಿದಳು, ಯಾವುದಕ್ಕೆ ಒಲ್ಲೆನೆಂದಳು? ಇತಿಹಾಸ ಸೋಲಿನ ದಿನಾಂಕವನ್ನು ಕೊಡುತ್ತದೆ; ಕಾದಂಬರಿ ಸೋಲಿನ ಮರುದಿನವನ್ನು ಕೊಡಬೇಕು. ಧೀರೆಯರ ಕಥೆಯನ್ನು ಓದುವ ಸಂತೋಷ ಇರುವುದು ಈ ಮರುದಿನದಲ್ಲಿ ಎಂದು ನನ್ನ ಅಭಿಪ್ರಾಯ. ಈ ಅಳತೆಗೋಲನ್ನು ಹಿಡಿದು ನಮ್ಮ ಕೆಲವು ಪ್ರಸಿದ್ಧ ಕೃತಿಗಳನ್ನು ನೋಡಬಹುದು.

ಕನ್ನಡ ಚಾರಿತ್ರಿಕ ಕಾದಂಬರಿಯ ಬೇರಿನ ಒಂದು ಎಳೆ ಈ ಪುಣೆಯ ನೆಲದಲ್ಲಿಯೇ ಇದೆ. ಬಂಗಾಳಿಯ ಬಂಕಿಮಚಂದ್ರರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರೆ, ಮರಾಠಿಯ ಹರಿ ನಾರಾಯಣ ಆಪಟೆಯವರನ್ನು (೧೮೬೪–೧೯೧೯) ತಂದವರು ಗಳಗನಾಥರು (೧೮೬೯–೧೯೪೨). ಪುಣೆಯಲ್ಲಿ ಬಾಳಿದ ಆಪಟೆಯವರ ಲೇಖನಿಯಿಂದ ಬಂದ ಕಥೆಗಳು ಉತ್ತರ ಕರ್ನಾಟಕದ ಹಳ್ಳಿಯ ಜಗುಲಿಗಳನ್ನು ತಲುಪಿದ್ದು ಗಳಗನಾಥರ ಕನ್ನಡದಲ್ಲಿ. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಗಳಗನಾಥರ ಕಥೆ ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ. ಮೈಸೂರಿನ ಕಡೆಯವರಿಗೆ ಕಾದಂಬರಿಯ ರುಚಿ ಹತ್ತಿಸಿದವರು ವೆಂಕಟಾಚಾರ್ಯರಾದರೆ, ನಮ್ಮ ಕಡೆಯವರಿಗೆ ಹತ್ತಿಸಿದವರು ಗಳಗನಾಥರು.

ಅವರ ‘ಕಮಲಕುಮಾರಿ’ಯನ್ನೇ ನೋಡಿ. ಅದರ ಮೂಲ ಆಪಟೆಯವರ ‘ಗಡ ಆಲಾ ಪಣ ಸಿಂಹ ಗೇಲಾ’. ೧೬೭೦ರಲ್ಲಿ ತಾನಾಜಿ ಕೊಂಡಾಣಾ ಕೋಟೆಯನ್ನು ಗೆದ್ದು ಪ್ರಾಣ ಕೊಟ್ಟ ಪ್ರಸಂಗ. ಅದೇ ಇಂದಿನ ಸಿಂಹಗಡ. ಕಥೆಯಲ್ಲಿ ರಜಪೂತ ಹೆಣ್ಣು ಕಮಲಕುಮಾರಿ ಉದಯಭಾನುವಿನ ಸೆರೆಯಲ್ಲಿ ಕೋಟೆಯ ಮೇಲಿದ್ದಾಳೆ. ಕೆಳಗೆ ಗಂಡಸರು ಹಗ್ಗ ಕಟ್ಟಿ ಬಂಡೆ ಹತ್ತುತ್ತಾರೆ, ಸಾಯುತ್ತಾರೆ, ಗೆಲ್ಲುತ್ತಾರೆ. ಅವಳ ಪಾಲಿಗೆ ಉಳಿಯುವುದು ಕಾಯುವ ಕೆಲಸ. ಅವಳಿಗೆ ಮಾನವಿದೆ, ಹಟವಿದೆ, ಕಣ್ಣೀರಿದೆ. ಮಾಡಲು ಏನೂ ಇಲ್ಲ. ಗಡ ಬಂತು, ಸಿಂಹ ಹೋಯಿತು. ಹೆಣ್ಣಿನ ಮನಸ್ಸಿನಲ್ಲಿ ಏನಾಯಿತೆಂದು ಆ ಹೆಸರು ಕೇಳುವುದಿಲ್ಲ. ಇದನ್ನು ಗಳಗನಾಥರ ಮೇಲಿನ ದೂರಾಗಿ ಹೇಳುತ್ತಿಲ್ಲ. ಅಂದಿನ ಕಾದಂಬರಿಗೆ ಹೆಣ್ಣು ಒಂದು ಪಣವಾಗಿದ್ದಳು. ಪಣವಾಗಿದ್ದವಳು ಆಟಗಾರ್ತಿಯಾಗಲು ಕನ್ನಡಕ್ಕೆ ಇನ್ನಷ್ಟು ವರ್ಷ ಬೇಕಾಯಿತು.

ಆ ಬದಲಾವಣೆಯನ್ನು ಕಾಣಲು ಶಾಂತಲೆಗಿಂತ ಒಳ್ಳೆಯ ಉದಾಹರಣೆಯಿಲ್ಲ. ಒಬ್ಬಳೇ ರಾಣಿಯನ್ನು ಕುರಿತು ನಮ್ಮಲ್ಲಿ ಎರಡು ಜನಪ್ರಿಯ ಕಾದಂಬರಿಗಳಿವೆ: ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಮತ್ತು ಸಿ. ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ (೧೯೭೮). ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಮೈಗಟ್ಟಿನ ಸಾಧಕರು; ಆದರೆ ಅವರ ಶಾಂತಲೆ ಹೂವಿಗಿಂತ ಮೆತ್ತಗಿನವಳು. ಗೆಳತಿ ಲಕ್ಷ್ಮಿಗಾಗಿ, ಹೊಯ್ಸಳ ವಂಶದ ಕುಡಿಗಾಗಿ ತನ್ನ ಸ್ಥಾನವನ್ನು ಬಿಟ್ಟುಕೊಟ್ಟು, ಕೊನೆಗೆ ಶಿವಗಂಗೆಯಲ್ಲಿ ಪ್ರಾಣವನ್ನೂ ಬಿಡುತ್ತಾಳೆ. ಓದುವಾಗ ಕಣ್ಣು ಒದ್ದೆಯಾಗದವರು ವಿರಳ. ಇಬ್ಬರು ಹೆಂಗಸರ ಸ್ನೇಹವನ್ನು ಸವತಿಮತ್ಸರದ ಮಾಮೂಲಿ ಅಚ್ಚಿನಿಂದ ಬಿಡಿಸಿ ಇಷ್ಟು ಪ್ರೀತಿಯಿಂದ ಬರೆದದ್ದು ಅಯ್ಯರ್ ಅವರ ಹೆಚ್ಚುಗಾರಿಕೆ. ಆದರೆ ಪುಸ್ತಕ ಮುಚ್ಚಿದ ಮೇಲೆ ಒಂದು ಅಸಮಾಧಾನ ಉಳಿಯುತ್ತದೆ. ಈ ಶಾಂತಲೆಗೆ ಮರುದಿನವೇ ಇಲ್ಲ. ಬದುಕು ಕಠಿಣವಾದೊಡನೆ ಲೇಖಕರು ಅವಳನ್ನು ತ್ಯಾಗದ ಮೆಟ್ಟಿಲೇರಿಸಿ ಬದುಕಿನಿಂದಲೇ ಬಿಡುಗಡೆ ಮಾಡಿಬಿಡುತ್ತಾರೆ.

ನಾಗರಾಜರಾಯರು ಇದಕ್ಕೆ ಉತ್ತರವೆಂಬಂತೆ ಬರೆದರು. ಶಾಸನಗಳನ್ನು ಶೋಧಿಸಿ, ಶಾಂತಲೆ ಮಕ್ಕಳಿಲ್ಲದ ಕೊರಗಿನಿಂದ ಆತ್ಮಹತ್ಯೆ ಮಾಡಿಕೊಂಡಳೆಂಬ ಕಥೆಯನ್ನು ತಿರಸ್ಕರಿಸಿ, ತಾಯಿಯಾಗಿ, ಕಲಾವಿದೆಯಾಗಿ, ರಾಜನಿಗೆ ಆಲೋಚನೆ ಹೇಳುವವಳಾಗಿ ಅವಳನ್ನು ಬೃಹತ್ತಾಗಿ ಚಿತ್ರಿಸಿದರು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಮೊದಲ ಸಲ, ೧೯೮೩ರಲ್ಲಿ, ಸಂದದ್ದು ಈ ಕೃತಿಗೆ. ಇಲ್ಲಿ ಶಾಂತಲೆ ಕೆಲಸ ಮಾಡುತ್ತಾಳೆ. ಬೇಲೂರಿನ ದೇವಾಲಯ ಏಳುವಾಗ ಶಿಲ್ಪಿಗಳೊಡನೆ ಚರ್ಚಿಸುತ್ತಾಳೆ, ಮತಗಳ ಜಗಳವನ್ನು ತಣಿಸುತ್ತಾಳೆ, ಪಾಠ ಕಲಿಯುತ್ತಾಳೆ, ಕಲಿಸುತ್ತಾಳೆ. ಹೆಣ್ಣಿನ ಬುದ್ಧಿಗೆ ಇಷ್ಟು ಪುಟಗಳನ್ನು ಕೊಟ್ಟ ಚಾರಿತ್ರಿಕ ಕಾದಂಬರಿ ಅದಕ್ಕೆ ಮುಂಚೆ ನಮ್ಮಲ್ಲಿ ಅಪರೂಪ. ದೋಷವೂ ಇದೆ. ಈ ಶಾಂತಲೆ ತಪ್ಪುವುದೇ ಇಲ್ಲ. ಎಲ್ಲ ವಾದದಲ್ಲಿಯೂ ಅವಳದೇ ಗೆಲುವು. ಅವಳ ಮಾತು ಕೆಲವೊಮ್ಮೆ ಉಪನ್ಯಾಸವಾಗುತ್ತದೆ. ಅಯ್ಯರ್ ಅವರ ಶಾಂತಲೆಗೆ ಸೋಲಿದೆ, ಮರುದಿನವಿಲ್ಲ. ನಾಗರಾಜರಾಯರ ಶಾಂತಲೆಗೆ ಮರುದಿನಗಳು ನೂರಾರು, ಸೋಲು ಇಲ್ಲವೆನ್ನುವಷ್ಟು ಕಡಿಮೆ.

ಇವೆರಡನ್ನೂ ಓದಿದವರು ಮೂರನೆಯದೊಂದನ್ನೂ ಓದಬೇಕು: ಕಲ್ಲು. ಶ್ರವಣಬೆಳಗೊಳದಲ್ಲಿ ೧೧೨೩ರಲ್ಲಿ ಶಾಂತಲೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಅದು ಅವಳದೇ ಬಿರುದು. ಸವತಿಯರ ಪಾಲಿಗೆ ಮದಗಜ ಎಂದು ಅದರ ಅರ್ಥ. ತನ್ನ ಸ್ಥಾನವನ್ನು ಬಿಟ್ಟುಕೊಟ್ಟು ಮರೆಗೆ ಸರಿದ ಹೆಣ್ಣಿನ ಬಿರುದು ಇದಲ್ಲ. ಎಲ್ಲರೊಡನೆ ನಯವಾಗಿ ವಾದಿಸಿ ಗೆದ್ದವಳದೂ ಅಲ್ಲ. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ವಿಷ್ಣುಭಕ್ತ. ಬೇಲೂರಿನಲ್ಲಿ ಅವಳು ಮಾಡಿಸಿದ್ದು ಚೆನ್ನಿಗರಾಯನ ಪ್ರತಿಷ್ಠೆ, ಬೆಳಗೊಳದಲ್ಲಿ ಶಾಂತಿನಾಥನ ಪ್ರತಿಷ್ಠೆ. ೧೧೩೧ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಹೋಗಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟಳೆಂದು ಶಾಸನವೇ ಹೇಳುತ್ತದೆ. ಮಗಳು ಸತ್ತ ಮರುದಿನದ ತಾಯಿಯ ಕಥೆ! ನಮ್ಮ ಕಾದಂಬರಿಕಾರರಿಗಾಗಿ ಇನ್ನೂ ಕಾಯುತ್ತಿರುವ ವಸ್ತು ಅದು.

ಸೋಲನ್ನೂ ಮರುದಿನವನ್ನೂ ಒಟ್ಟಿಗೆ ಹಿಡಿದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು. ‘ಚಿಕವೀರ ರಾಜೇಂದ್ರ’ (೧೯೫೬) ಕೊಡಗಿನ ಕೊನೆಯ ಅರಸನ ಕಥೆ. ೧೯೮೩ರ ಜ್ಞಾನಪೀಠ ಪ್ರಶಸ್ತಿ ಮಾಸ್ತಿಯವರಿಗೆ ಸಂದದ್ದು ಈ ಕಾದಂಬರಿಯ ನೆನಪಿನೊಂದಿಗೆ. ೧೮೩೪ರಲ್ಲಿ ಕೊಡಗು ಇಂಗ್ಲಿಷರ ಪಾಲಾಗುತ್ತದೆಂದು ಓದುಗರಿಗೆ ಗೊತ್ತು. ಅರಸ ದುಷ್ಟ, ವ್ಯಸನಿ. ಸ್ವಂತ ತಂಗಿಯ ಮೇಲೆ ಹಗೆ ಸಾಧಿಸುವವನು. ಅವನ ರಾಣಿ ಗೌರಮ್ಮನ ಕೈಗೆ ಮಾಸ್ತಿಯವರು ಕತ್ತಿ ಕೊಡುವುದಿಲ್ಲ, ಕುದುರೆ ಕೊಡುವುದಿಲ್ಲ, ದೊಡ್ಡ ಭಾಷಣ ಕೂಡ ಕೊಡುವುದಿಲ್ಲ. ಅವಳಿಗೆ ಪ್ರತಿ ದಿನವೂ ನಿನ್ನೆಯ ಸೋಲಿನ ಮರುದಿನ. ರಾತ್ರಿ ಗಂಡ ಮಾಡಿದ ಅನಾಹುತವನ್ನು ಬೆಳಿಗ್ಗೆ ಅವಳು ಸರಿಪಡಿಸಬೇಕು. ಮಂತ್ರಿಗಳ ಸಿಟ್ಟನ್ನು ಇಳಿಸಬೇಕು, ಮಗಳ ಮುಂದೆ ತಂದೆಯ ಮಾನವನ್ನು ಉಳಿಸಬೇಕು, ಕೈಲಾಗದವರ ಪರವಾಗಿ ಒಂದು ಮಾತಾಡಬೇಕು. ಗಂಡನ ತಪ್ಪನ್ನು ಅವಳಷ್ಟು ಬಲ್ಲವರಿಲ್ಲ, ಅವನನ್ನು ಬಿಟ್ಟುಕೊಡಲಾರಳು. ಈ ಇಕ್ಕಟ್ಟಿನಿಂದ ಮಾಸ್ತಿ ಅವಳನ್ನು ಬಿಡಿಸುವುದಿಲ್ಲ. ಅವಳ ನಿಷ್ಠೆ ಸರಿಯೇ ತಪ್ಪೇ ಎಂದು ತೀರ್ಪನ್ನೂ ಕೊಡುವುದಿಲ್ಲ. ರಾಜ್ಯ ಉಳಿಯಲಿಲ್ಲ, ಆದರೆ ಆ ಅರಮನೆಯಲ್ಲಿ ಮನುಷ್ಯತ್ವವೆಂಬುದು ಕೊನೆಯ ದಿನದವರೆಗೆ ಒಂದು ಕೋಣೆಯಲ್ಲಾದರೂ ಉಳಿದಿತ್ತೆಂಬ ಭಾವನೆ ಓದುಗನಿಗೆ ಬರುತ್ತದೆ. ಆ ಕೋಣೆ ಗೌರಮ್ಮನದು.

ಮಾಸ್ತಿಯವರದೇ ‘ಚೆನ್ನಬಸವನಾಯಕ’ದಲ್ಲಿ (೧೯೪೯) ಬಿದನೂರಿನ ವೀರಮ್ಮಾಜಿ ಬರುತ್ತಾಳೆ. ಅವಳು ಗೌರಮ್ಮನಂಥ ಸಾಧ್ವಿಯಲ್ಲ. ಅಪವಾದ ಹೊತ್ತವಳು, ಅಧಿಕಾರ ಬಯಸಿದವಳು. ಬಲಿಷ್ಠ ಹೆಣ್ಣು ಒಳ್ಳೆಯವಳೇ ಆಗಿರಬೇಕೆಂಬ ನಿಯಮವನ್ನು ಮಾಸ್ತಿ ಒಪ್ಪಲಿಲ್ಲವೆಂಬುದನ್ನು ಗಮನಿಸಬೇಕು. ೧೭೬೩ರಲ್ಲಿ ಹೈದರಾಲಿ ಬಿದನೂರನ್ನು ತೆಗೆದುಕೊಂಡು ಅವಳನ್ನು ಮಧುಗಿರಿಯ ಕೋಟೆಯಲ್ಲಿಟ್ಟ. ೧೭೬೭ರಲ್ಲಿ ಅವಳನ್ನು ಆ ಸೆರೆಯಿಂದ ಬಿಡಿಸಿದವನು ಪೇಶ್ವೆ ಮಾಧವರಾವ. ಅವಳನ್ನು ಪುಣೆಗೆ ಕಳಿಸಿದರು. ದಾರಿಯಲ್ಲಿಯೇ ತೀರಿಕೊಂಡಳೆಂದು ಹೇಳುತ್ತಾರೆ. ರಾಜ್ಯ, ಹೆಸರು, ನೆಲ ಎಲ್ಲವನ್ನೂ ಕಳೆದುಕೊಂಡು ನಮ್ಮ ಈ ಪುಣೆಯ ದಿಕ್ಕಿಗೆ ಹೊರಟ ಕನ್ನಡದ ರಾಣಿ ಅವಳು. ಅವಳಿಗಿಂತ ಎರಡು ತಲೆಮಾರು ಮೊದಲು, ೧೬೮೯ರಲ್ಲಿ, ಅದೇ ಮನೆತನದ ಕೆಳದಿ ಚೆನ್ನಮ್ಮ ಔರಂಗಜೇಬನ ಕೋಪವನ್ನು ಲೆಕ್ಕಿಸದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದಳು. ಗಂಡನನ್ನು ಕಳೆದುಕೊಂಡ ಮೇಲೆ ಇಪ್ಪತ್ತೈದು ವರ್ಷ ರಾಜ್ಯವಾಳಿದವಳು. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ ಆ ಮನೆತನದ ಕಥೆಯನ್ನು ಹಳಗನ್ನಡದಲ್ಲಿ ಹಾಡಿದೆ. ನೆರೆಮನೆಯ ಮರಾಠಿ ಸ್ನೇಹಿತರಿಗೆ ನಾವು ಮೊದಲು ಹೇಳಬೇಕಾದ ಕಥೆ ಇದು. ಎರಡು ಭಾಷೆಯವರ ಋಣ ಇಲ್ಲಿ ಎರಡೂ ಕಡೆ ಇದೆ.

ವೀರಮ್ಮಾಜಿಯನ್ನು ಬಿಡಿಸಿದ ಆ ಮಾಧವರಾವನೇ ಮರಾಠಿ ಓದುಗರ ಅಚ್ಚುಮೆಚ್ಚಿನ ಕಾದಂಬರಿ ‘ಸ್ವಾಮಿ’ಯ ನಾಯಕ. ರಣಜಿತ ದೇಸಾಯಿಯವರ ಈ ಕೃತಿ ೧೯೬೨ರಲ್ಲಿ ಬಂತು, ೧೯೬೪ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಪಡೆಯಿತು. ಇಲ್ಲಿನ ನಮ್ಮ ಹೆಣ್ಣುಮಕ್ಕಳಲ್ಲಿ ಅದನ್ನು ಮರಾಠಿಯಲ್ಲಿಯೇ ಓದಿದವರು ಅನೇಕರಿದ್ದಾರೆ. ಪಾಣಿಪತದ ಸೋಲಿನ ನಂತರ ಹದಿಹರೆಯದಲ್ಲಿ ಅಧಿಕಾರಕ್ಕೆ ಬಂದು, ಮನೆಯೊಳಗೆ ಚಿಕ್ಕಪ್ಪ ರಾಘೋಬನ ಕುಟಿಲವನ್ನೂ ಹೊರಗೆ ಹೈದರಾಲಿ-ನಿಜಾಮರನ್ನೂ ಎದುರಿಸಿ, ಕ್ಷಯದಿಂದ ಸತ್ತ ತರುಣನ ಕಥೆ ಅದು. ಅದರಲ್ಲಿ ರಮಾಬಾಯಿಯ ಚಿತ್ರಣ ಬಹಳ ಕೋಮಲ. ೧೭೭೨ರ ನವೆಂಬರಿನಲ್ಲಿ ಥೇವೂರಿನಲ್ಲಿ ಗಂಡನ ಚಿತೆಯೊಡನೆ ಅವಳೂ ಹೋದಳು. ಥೇವೂರಿನ ಚಿಂತಾಮಣಿ ಗಣಪತಿ ನಮ್ಮ ಚಿಂಚವಾಡ ದೇವಸ್ಥಾನದ ಆಡಳಿತಕ್ಕೆ ಸೇರಿದ್ದು. ಅಷ್ಟವಿನಾಯಕ ಯಾತ್ರೆಗೆ ಹೋದವರು ನದಿಯ ದಂಡೆಯಲ್ಲಿ ರಮಾಬಾಯಿಯ ಸ್ಮಾರಕವನ್ನೂ ಕಂಡು ಕೈಮುಗಿದು ಬಂದಿರುತ್ತಾರೆ.

ಕೈಮುಗಿಯುವುದು ಬೇಡವೆನ್ನಲಾರೆ. ಸತ್ತವಳ ದುಃಖಕ್ಕೆ ಗೌರವ ಸಲ್ಲಬೇಕು. ಆದರೆ ಓದುಗರಾಗಿ ನಾವು ಎಚ್ಚರದಿಂದಿರಬೇಕಾದ ಸ್ಥಳ ಇದೇ. ಚಿತೆಯನ್ನು ಬೆಳ್ಳಿಯಂಥ ಮಾತುಗಳಲ್ಲಿ ಬರೆದಾಗ, ಉರಿಯುತ್ತಿರುವುದು ಇಪ್ಪತ್ತರ ಆಸುಪಾಸಿನ ಒಂದು ಹೆಣ್ಣುಮಗಳ ದೇಹವೆಂಬುದು ಮರೆಯಾಗುತ್ತದೆ. ‘ಸ್ವಾಮಿ’ಯ ಕೊನೆಯನ್ನು ಓದಿದ ಮೇಲೆ ವಸುಧೇಂದ್ರರ ‘ತೇಜೋ-ತುಂಗಭದ್ರಾ’ವನ್ನು (೨೦೧೯) ಓದಿ ನೋಡಬೇಕು. ವಿಜಯನಗರದ ಕಾಲದ ತುಂಗಭದ್ರೆಯ ದಂಡೆಯಲ್ಲಿ, ಊರೆಲ್ಲ ಸಹಗಮನವನ್ನು ಪುಣ್ಯವೆಂದು ಹೊಗಳುವಾಗ, ಚಿತೆಯ ಬದಲು ಬದುಕನ್ನು ಆರಿಸಿಕೊಳ್ಳುವ ಹಂಪಮ್ಮ ಅಲ್ಲಿದ್ದಾಳೆ. ಮಾಸತಿಕಲ್ಲಿನ ಮೇಲೆ ಕೆತ್ತಿಸಿಕೊಳ್ಳುವ ಕೀರ್ತಿ ಅವಳಿಗೆ ಬೇಡ. ಅವಳಿಗೆ ನಾಳೆ ಬೇಕು. ಅರಮನೆಯ ರಾಣಿಗೆ ಇಲ್ಲದ ಮರುದಿನವನ್ನು ಹಳ್ಳಿಯ ಹೆಂಗಸಿಗೆ ಕೊಟ್ಟದ್ದು ಆ ಕಾದಂಬರಿಯ ದೊಡ್ಡ ಗುಣ.

ಕತ್ತಿ ಹಿಡಿದ ರಾಣಿಯರ ಮಾತು ಇನ್ನೂ ಉಳಿದಿದೆ. ಅವರೇ ನಮಗೆ ಹೆಚ್ಚು ಪರಿಚಿತರು. ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (೧೯೬೧) ಚಿತ್ರದಲ್ಲಿ ಬಿ. ಸರೋಜಾದೇವಿಯವರನ್ನು ಕಂಡವರ ಮನಸ್ಸಿನಲ್ಲಿ ರಾಣಿಯ ಮುಖ ಅದೇ ಆಗಿ ನಿಂತಿದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (೧೯೭೨) ಚಿತ್ರದ ಒಂದು ಹಾಡಿನಷ್ಟು ಹೊತ್ತು ಜಯಂತಿಯವರು ಓಬವ್ವನಾಗಿ ಕಾಣಿಸಿಕೊಂಡದ್ದೇ ಸಾಕು, ಚಿತ್ರದುರ್ಗದ ಕಿಂಡಿಯ ಬಳಿಯ ಆ ಒನಕೆ ಕನ್ನಡಿಗರ ಮನೆಮಾತಾಯಿತು. ಆ ಚಿತ್ರಕ್ಕೆ ಕಥೆ ಕೊಟ್ಟ ತ. ರಾ. ಸು. ಅವರು ದುರ್ಗದ ಇತಿಹಾಸವನ್ನು ಕಾದಂಬರಿಗಳ ಮಾಲೆಯಾಗಿ ಬರೆದವರು. ಆ ಮಾಲೆಯ ‘ದುರ್ಗಾಸ್ತಮಾನ’ಕ್ಕೆ (೧೯೮೨) ೧೯೮೫ರಲ್ಲಿ, ಅವರು ತೀರಿಕೊಂಡ ಮೇಲೆ, ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಬಂತು. ಓಬವ್ವನ ಕಥೆ ನಮಗೆ ಹಿಡಿಸುವುದು ಅವಳು ಹಿಡಿದದ್ದು ಒನಕೆಯೆಂಬ ಕಾರಣದಿಂದಲೇ. ನಿತ್ಯ ಭತ್ತ ಕುಟ್ಟಿದ ಕೈಗೆ ಅದರ ತೂಕ ಗೊತ್ತು. ಆಯುಧ ಎಲ್ಲಿಂದಲೋ ಬರಲಿಲ್ಲ; ದಿನದ ಕೆಲಸವೇ ಆಯುಧವಾಯಿತು.

ಕಿತ್ತೂರಿನ ವಿಷಯದಲ್ಲಿ ನಮ್ಮ ನಾಟಕ, ಚಿತ್ರ, ಲಾವಣಿಗಳಲ್ಲಿ ಹೆಚ್ಚಾಗಿ ಕಾಣುವುದು ೧೮೨೪ರ ಅಕ್ಟೋಬರ್ ೨೩. ಅಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕೋಟೆಯ ಮುಂದೆ ಸತ್ತುಬಿದ್ದ. ಅದಕ್ಕೂ ಮುಂಚಿನ ದಿನಗಳನ್ನು ನೋಡಿ. ಚೆನ್ನಮ್ಮನ ಗಂಡ ಮಲ್ಲಸರ್ಜ ಪೇಶ್ವೆಯ ಸೆರೆಯಾಳಾಗಿ ಪುಣೆಯಲ್ಲಿದ್ದು ೧೮೧೬ರಲ್ಲಿ ತೀರಿಕೊಂಡ. ಸವತಿಯ ಮಗ ಪಟ್ಟಕ್ಕೆ ಬಂದು ಅವನೂ ೧೮೨೪ರಲ್ಲಿ ಸತ್ತ. ದತ್ತಕವನ್ನು ಕಂಪನಿ ಒಪ್ಪಲಿಲ್ಲ. ಇಷ್ಟು ಸೋಲುಗಳ ಮರುದಿನ ಅವಳು ಎದ್ದು ನಿಂತದ್ದು. ಆ ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷರಲ್ಲಿ ವಾಲ್ಟರ್ ಎಲಿಯಟ್ ಎಂಬ ತರುಣ ಅಧಿಕಾರಿಯಿದ್ದ. ಕಿತ್ತೂರಿನವರು ಅವನ ಜೀವ ತೆಗೆಯಲಿಲ್ಲ. ಅವನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ಹುಡುಕಿ, ನಕಲು ಮಾಡಿಸಿ, ಕೂಡಿಟ್ಟ ಮೊದಲಿಗರಲ್ಲಿ ಒಬ್ಬನಾದ. ಗೆದ್ದ ದಿನದ ಸಿಟ್ಟಿನಲ್ಲಿ ಕಿತ್ತೂರು ತಾಳ್ಮೆಗೆಟ್ಟಿದ್ದರೆ ನಮ್ಮ ಇತಿಹಾಸದ ಎಷ್ಟು ಪುಟಗಳು ಹೋಗುತ್ತಿದ್ದವೋ! ಡಿಸೆಂಬರಿನಲ್ಲಿ ಕೋಟೆ ಬಿತ್ತು. ಅಲ್ಲಿಂದ ೧೮೨೯ರ ಫೆಬ್ರವರಿಯವರೆಗೆ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿದ್ದಳು. ನಾಲ್ಕು ವರ್ಷ! ಒಂದು ಹಗಲಿನ ಯುದ್ಧಕ್ಕೆ ನಾವು ಕೊಟ್ಟಿರುವ ಪುಟಗಳನ್ನೂ ಆ ನಾಲ್ಕು ವರ್ಷಕ್ಕೆ ಕೊಟ್ಟಿರುವ ಪುಟಗಳನ್ನೂ ತಕ್ಕಡಿಯಲ್ಲಿಟ್ಟರೆ ನಮ್ಮ ಚಾರಿತ್ರಿಕ ಕಲ್ಪನೆಯ ಕೊರತೆ ಕಾಣುತ್ತದೆ. ಕುದುರೆಯ ಮೇಲಿನ ರಾಣಿಯನ್ನು ಬಲ್ಲೆವು. ಸೆರೆಮನೆಯ ಕಿಟಕಿಯ ಬಳಿ ಕುಳಿತ ರಾಣಿಯನ್ನು ಸಾಕಷ್ಟು ಬಲ್ಲೆವೆನ್ನಲಾರೆವು.

ನಾನು ಹುಡುಕುತ್ತಿರುವ ‘ಮರುದಿನ’ ಪೂರ್ತಿಯಾಗಿ ಸಿಕ್ಕಿದ್ದು ಅರಮನೆಯಿಲ್ಲದ, ಕತ್ತಿಯಿಲ್ಲದ, ಯುದ್ಧವಿಲ್ಲದ ಒಂದು ಸಣ್ಣ ಕಾದಂಬರಿಯಲ್ಲಿ: ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ (೧೯೭೬). ಇದನ್ನು ಚಾರಿತ್ರಿಕ ಕಾದಂಬರಿಯ ಸಾಲಿಗೆ ಸೇರಿಸುವುದಕ್ಕೆ ಕೆಲವರು ಹುಬ್ಬೇರಿಸಬಹುದು. ಆದರೆ ಫಣಿಯಮ್ಮ ನಿಜವಾಗಿ ಬದುಕಿದ್ದವರು, ಲೇಖಕಿಯ ತಾಯಿಯ ಕಡೆಯ ಹಿರಿಯರು. ೧೮೪೦ರಿಂದ ೧೯೫೨ರವರೆಗೆ, ನೂರಹನ್ನೆರಡು ವರ್ಷ. ದೇಶದಲ್ಲಿ ಸಿಪಾಯಿ ದಂಗೆ ನಡೆದು, ಕಂಪನಿ ಹೋಗಿ ರಾಣಿ ಬಂದು, ಗಾಂಧಿ ಬಂದು ಹೋಗಿ, ಗಣರಾಜ್ಯ ಹುಟ್ಟಿತು. ಮಲೆನಾಡಿನ ಆ ತೊಟ್ಟಿಮನೆಯೊಳಗೆ ಒಬ್ಬ ವಿಧವೆ ಅಡಿಗೆ ಮಾಡುತ್ತಲೇ ಇದ್ದಳು. ಇದು ಚರಿತ್ರೆಯಲ್ಲವಾದರೆ ಯಾವುದು ಚರಿತ್ರೆ?

ಒಂಬತ್ತರ ವಯಸ್ಸಿಗೆ ಮದುವೆ. ಸ್ವಲ್ಪ ದಿನಕ್ಕೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಹುಡುಗಿ ದೊಡ್ಡವಳಾದಾಗ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಒಂದು ಹೊತ್ತಿನ ಊಟ, ಮಡಿ, ಮನೆತುಂಬ ಜನರ ಕೆಲಸ. ಬದುಕಿನ ಸೋಲು ಮೊದಲ ಕೆಲವು ಪುಟಗಳಲ್ಲೇ ಮುಗಿದುಹೋಯಿತು. ಉಳಿದ ಪುಸ್ತಕವೆಲ್ಲ ಮರುದಿನವೇ, ನೂರು ವರ್ಷದ ಮರುದಿನ. ನಲವತ್ತೈದರ ಆಸುಪಾಸಿನಲ್ಲಿ ಬರೆಯತೊಡಗಿದ ಇಂದಿರಾ ಅವರಿಗೆ ಶೈಲಿಯ ಬೆಡಗಿನ ಹಂಗಿಲ್ಲ. ಮನೆಯ ಹಿರಿಯಳೊಬ್ಬಳು ಹೇಳಿದಂತೆ ಹೇಳುತ್ತಾರೆ. ಕೋಪವನ್ನು ಲೇಖಕಿ ತಮ್ಮಲ್ಲೇ ಇಟ್ಟುಕೊಂಡು, ಫಣಿಯಮ್ಮನ ಮುಖದಲ್ಲಿ ಶಾಂತಿಯನ್ನು ಉಳಿಸುತ್ತಾರೆ. ಓದುತ್ತ ಓದುತ್ತ ಆ ಕೋಪ ನಮಗೆ ಬರುತ್ತದೆ.

ಈ ಕಾದಂಬರಿಯ ಎರಡು ಪ್ರಸಂಗಗಳನ್ನು ಮರೆಯುವಂತಿಲ್ಲ. ಒಂದರಲ್ಲಿ, ಅಸ್ಪೃಶ್ಯರೆಂದು ಊರು ದೂರವಿಟ್ಟ ಕೇರಿಯ ಹೆಣ್ಣೊಬ್ಬಳ ಹೆರಿಗೆ ಕಷ್ಟವಾಗಿದೆ. ಫಣಿಯಮ್ಮ, ಮಡಿಯೇ ಮೈಗೂಡಿದಂತಿದ್ದ ಫಣಿಯಮ್ಮ, ಹೋಗಿ ತನ್ನ ಸಣ್ಣ ಕೈಯಿಂದ ಆ ಮಗುವನ್ನು ಈ ಲೋಕಕ್ಕೆ ತರುತ್ತಾಳೆ. ಅದನ್ನು ಕ್ರಾಂತಿಯೆಂದು ಸಾರುವುದಿಲ್ಲ. ಒಂದು ಜೀವ ಉಳಿಯಬೇಕಿತ್ತು, ಉಳಿಸಿದಳು. ಇನ್ನೊಂದರಲ್ಲಿ, ದಾಕ್ಷಾಯಿಣಿಯೆಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳಲು ಒಲ್ಲೆನೆನ್ನುತ್ತಾಳೆ. ಮನೆತನದ ಹಿರಿಯರೆಲ್ಲ ಒಂದು ಕಡೆ. ಹಳೆಯ ಕಟ್ಟಳೆಯನ್ನೆಲ್ಲ ತನ್ನ ಮೈಮೇಲೆ ಹೊತ್ತು ಬದುಕಿದ ಫಣಿಯಮ್ಮ ಆ ಕಟ್ಟಳೆಯ ಪರವಾಗಿ ನಿಲ್ಲುವಳೆಂದು ಊರು ತಿಳಿದಿತ್ತು. ಅವಳು ನಿಂತದ್ದು ಹುಡುಗಿಯ ಪರವಾಗಿ.

ಇಲ್ಲಿ ನಮ್ಮ ವಿಷಯದ ತಿರುಳಿದೆ. ಹೆಣ್ಣಿನ ಸಹನೆಯನ್ನು ಹೊಗಳುವ ಪುಸ್ತಕಗಳ ವಿರುದ್ಧ ಒಂದು ಗಂಭೀರ ಆಕ್ಷೇಪಣೆಯಿದೆ. ನಮ್ಮ ಇಂದಿನ ಹೆಣ್ಣುಮಕ್ಕಳೇ ಅದನ್ನು ಎತ್ತುತ್ತಾರೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ‘ತಾಳಿದವನು’ ಎಂದಿದ್ದರೂ ಅದನ್ನು ಹೇಳುವುದು ಹೆಚ್ಚಾಗಿ ಸೊಸೆಯರಿಗೆ. ಗಟ್ಟಿಗಿತ್ತಿಯರ ಕಥೆ ಓದಿಸಿ, ‘ನೋಡು, ಅವಳು ಎಷ್ಟು ತಾಳಿಕೊಂಡಳು, ನೀನೂ ತಾಳಿಕೋ’ ಎಂದು ಹೇಳುವುದಾದರೆ ಆ ಕಥೆ ಹಗ್ಗವಾಗುತ್ತದೆ. ಈ ಆಕ್ಷೇಪಣೆ ನ್ಯಾಯವಾದದ್ದು. ತ್ಯಾಗವನ್ನೇ ಪೂಜಿಸುವ ಕಾದಂಬರಿಗಳಿಗೆ ಅದು ತಟ್ಟುತ್ತದೆ. ಫಣಿಯಮ್ಮನಿಗೆ ತಟ್ಟುವುದಿಲ್ಲ. ಅವಳು ತನ್ನ ಪಾಲಿನ ಕಹಿಯನ್ನು ಉಂಡಳು, ಹೌದು. ಆದರೆ ಅದೇ ಕಹಿಯನ್ನು ಮುಂದಿನವಳ ಎಲೆಗೆ ಬಡಿಸಲು ಒಪ್ಪಲಿಲ್ಲ. ಅತ್ತೆ ಅನುಭವಿಸಿದ್ದನ್ನು ಸೊಸೆಗೆ ಕೊಡುವುದು, ಸೊಸೆ ಅದನ್ನು ತನ್ನ ಸೊಸೆಗೆ ಕೊಡುವುದು ನಮ್ಮ ಮನೆಗಳ ಹಳೆಯ ಲೆಕ್ಕ. ಆ ಲೆಕ್ಕವನ್ನು ತನ್ನಲ್ಲಿಗೆ ಚುಕ್ತಾ ಮಾಡಿದವಳೇ ಧೀರೆ. ಕಿತ್ತೂರಿನ ಕೋಟೆಯ ಮೇಲೆ ನಿಂತವಳಿಗೆ ಎಷ್ಟು ಎದೆಗಾರಿಕೆ ಬೇಕಿತ್ತೋ, ದಾಕ್ಷಾಯಿಣಿಯ ಕೂದಲಿನ ಪರವಾಗಿ ಮಾತಾಡಲು ಅಷ್ಟೇ ಬೇಕಿತ್ತು.

ಪ್ರೇಮಾ ಕಾರಂತರು ೧೯೮೩ರಲ್ಲಿ ‘ಫಣಿಯಮ್ಮ’ವನ್ನು ಚಿತ್ರವಾಗಿ ತೆರೆಗೆ ತಂದರು, ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ೧೯೮೯ರಲ್ಲಿ ಬಂತು. ಮನೆಯಲ್ಲಿ ಕನ್ನಡ ಆಡಿದರೂ ಲಿಪಿ ಓದಲು ಬಾರದ ನಮ್ಮ ಮಕ್ಕಳಿಗೆ ಆ ದಾರಿಯೂ ಇದೆಯೆಂಬುದು ಸಮಾಧಾನದ ಸಂಗತಿ.

ಇನ್ನೊಂದು ಮಾತು. ಕಾದಂಬರಿಯನ್ನು ಇತಿಹಾಸವೆಂದು ನಂಬಿ ಜಗಳವಾಡುವ ಚಾಳಿ ಈಚೆಗೆ ಎರಡೂ ಭಾಷೆಗಳಲ್ಲಿ ಹೆಚ್ಚಾಗಿದೆ. ರಾಣಿಯ ಚಿತ್ರಣದಲ್ಲಿ ಒಂದು ಕಲೆ ಕಂಡರೆ ಸಾಕು, ತಮ್ಮ ಮನೆತನಕ್ಕೇ ಮಸಿ ಬಳಿದಂತೆ ಕೆರಳುತ್ತಾರೆ. ವಿಗ್ರಹಕ್ಕೆ ಸೋಲಿಲ್ಲ, ಆದ್ದರಿಂದ ಮರುದಿನವೂ ಇಲ್ಲ. ತಪ್ಪು ಮಾಡಲು ಅವಕಾಶವಿಲ್ಲದ ರಾಣಿಗೆ ಎದ್ದು ನಿಲ್ಲಲೂ ಅವಕಾಶವಿಲ್ಲ. ನಮ್ಮ ಲೇಖಕರು ರಾಣಿಯರ ಆಡಳಿತ, ಲೆಕ್ಕಪತ್ರ, ವ್ಯಾಪಾರಗಳ ಕಡೆಗೂ ತಿರುಗಿರುವುದು ಒಳ್ಳೆಯ ಸೂಚನೆ. ಗೇರುಸೊಪ್ಪೆಯನ್ನು ಅರ್ಧ ಶತಮಾನ ಆಳಿ, ಪೋರ್ತುಗೀಜರಿಂದ ಮೆಣಸಿನ ರಾಣಿಯೆನಿಸಿಕೊಂಡ ಚೆನ್ನಭೈರಾದೇವಿಯನ್ನು ಕುರಿತ ಗಜಾನನ ಶರ್ಮರ ಕಾದಂಬರಿ ಅಂಥ ಒಂದು ಪ್ರಯತ್ನ. ಹಡಗಿಗೆ ಮೆಣಸು ತುಂಬಿಸಿ ಬೆಲೆ ಕುದುರಿಸುವ ರಾಣಿ ಕತ್ತಿ ಬೀಸುವ ರಾಣಿಗಿಂತ ನಮ್ಮ ಅಡಿಗೆಮನೆಗೆ ಹತ್ತಿರದವಳು.

ಆದ್ದರಿಂದ ವಾಚಕರಲ್ಲಿ ಒಂದು ವಿನಂತಿ. ಈ ಕಾದಂಬರಿಗಳನ್ನು ನಾಚಿಕೆಯಿಲ್ಲದೆ ಸಂತೋಷದಿಂದ ಓದೋಣ. ಒಂದೊಂದಾಗಿ ಓದದೆ ಜೋಡಿಯಾಗಿ ಓದೋಣ. ಅಯ್ಯರ್ ಅವರ ಶಾಂತಲೆಯ ಪಕ್ಕದಲ್ಲಿ ನಾಗರಾಜರಾಯರ ಶಾಂತಲೆ, ಗೌರಮ್ಮನ ಪಕ್ಕದಲ್ಲಿ ವೀರಮ್ಮಾಜಿ, ಥೇವೂರಿನ ರಮಾಬಾಯಿಯ ಪಕ್ಕದಲ್ಲಿ ತುಂಗಭದ್ರೆಯ ಹಂಪಮ್ಮ, ಕಿತ್ತೂರಿನ ಚೆನ್ನಮ್ಮನ ಪಕ್ಕದಲ್ಲಿ ಫಣಿಯಮ್ಮ ಇರಲಿ. ಮಗಳ ಕೈಗೆ ಪುಸ್ತಕ ಕೊಡುವಾಗ ‘ಹೀಗಿರು’ ಎಂದು ಹೇಳಿ ಕೊಡುವುದು ಬೇಡ. ‘ಮರುದಿನ ಇವಳು ಏನು ಮಾಡಿದಳು, ಓದಿ ನನಗೂ ಹೇಳು’ ಎಂದು ಕೊಟ್ಟರೆ ಸಾಕು. ಅವಳು ತರುವ ಉತ್ತರ ನಮ್ಮ ಉತ್ತರಕ್ಕಿಂತ ಬೇರೆಯಾಗಿದ್ದರೆ ಪುಸ್ತಕ ತನ್ನ ಕೆಲಸ ಮಾಡಿತೆಂದು ತಿಳಿಯಬಹುದು.